ಕೊಪ್ಪದ ಬೈಟೂ, ಶೃಂಗೇರಿಯ ಊಟ, ಎನ್.ಆರ್. ಪುರದ ಬಾಕಿ

ಕಾಫಿ ಬೆಳೆಯೋ ಸೀಮೆಯ ಹೋಟೆಲಿನಲ್ಲಿ ಒಳ್ಳೇ ಕಾಫಿ ಸಿಗೋದು ಕಷ್ಟ ಅಂದ್ರೆ ನಂಬ್ತೀರಾ ಸ್ವಾಮಿ? ನಂಬಬೇಡಿ. ಖುದ್ದು ಬಂದು ನೋಡಿ. ಬೆಂಗಳೂರಿನ ರಾತ್ರಿ ಬಸ್ಸು ಹತ್ತಿ ಬೆಳಗಿನ ಜಾವ ಕೊಪ್ಪದಲ್ಲಿ ಇಳೀರಿ. ಮಂಜು ಮುಸುಕಿದ ಬಸ್ ಸ್ಟ್ಯಾಂಡು, ಮೂಗಿನ ತುದಿ ಐಸ್! ಮೊದಲು ದೀಪ ಕಂಡ ಹೋಟೆಲಿಗೆ ನುಗ್ಗಿ "ಒಂದು ಸ್ಟ್ರಾಂಗ್ ಕಾಫಿ" ಅನ್ನಿ. ಬರುತ್ತೆ... ಬಣ್ಣ ಇದೆ, ಬಿಸಿ ಇದೆ, ನೊರೆ ಇದೆ. ಕಾಫಿಯನ್ನು ಮಾತ್ರ ಹುಡುಕಬೇಕು. ಚಿಕೋರಿ ರಾಯರು ಲೋಟದ ತುಂಬಾ ಹೀರೋ ಪಾರ್ಟು ಮಾಡ್ತಿರ್ತಾರೆ, ಕಾಫಿ ಪಾಪ ಎಲ್ಲೋ ಹಿಂದೆ ಗುಂಪಿನಲ್ಲಿ ನಿಂತ ಎಕ್ಸ್‌ಟ್ರಾ ನಟ!

ಈ ಮಾತು ಹೇಳೋಕೆ ನನಗೆ ಅಧಿಕಾರ ಉಂಟು. ನಾನು ಕೊಪ್ಪದವನೇ. ಐವತ್ತೇಳು ವರ್ಷದ ಆಯಸ್ಸಿನಲ್ಲಿ ಅರ್ಧ ಹೋಟೆಲ್ ಬೆಂಚಿನ ಮೇಲೆ ಹೋಯ್ತು ಅಂತ ನಮ್ಮ ಮನೆಯಾಕೆ ದಿನಾ ಲೆಕ್ಕ ಒಪ್ಪಿಸ್ತಾಳೆ. ಆದ್ದರಿಂದ ಸಂಪಾದಕರು "ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರೂ ಊರಿನ ಕಾಫಿ-ತಿಂಡಿ ಬಗ್ಗೆ ಬರೀರಿ, ಸ್ವಲ್ಪ ಸಿನಿಮಾ ವಾಸನೆ ಇರ್ಲಿ" ಎಂದಾಗ ಕುಣಿದಾಡಿ ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ನೆನಪಾಯ್ತು... ಎನ್.ಆರ್. ಪುರದ ಒಂದು ಹೋಟೆಲಿಗೆ ನಾನು ಕಾಲಿಡುವ ಹಾಗಿಲ್ಲ! ಮೂವತ್ತೈದು ವರ್ಷಕ್ಕೂ ಮೇಲಾಯ್ತು, ಆ ಬೀದಿ ತಪ್ಪಿಸಿಯೇ ಓಡಾಡ್ತಾ ಇದ್ದೇನೆ. ಆ ಕಥೆ ಆಮೇಲೆ. ಮೊದಲು ಕಾಫಿ.

ಬೀಜ ನಮ್ಮದು, ಪುಡಿ ಅವರದು

ತಪ್ಪು ಪೂರಾ ಹೋಟೆಲಿನವರದಲ್ಲ ಅಂತ ಮೊದಲೇ ಹೇಳಿಬಿಡ್ತೇನೆ. 1942ರ ಕಾಫಿ ಕಾನೂನು ಬಂದ ಮೇಲೆ ಬೆಳೆಗಾರ ತನ್ನ ಬೆಳೆಯನ್ನು ಕಾಫಿ ಬೋರ್ಡಿನ ಪೂಲಿಗೆ ಒಪ್ಪಿಸಬೇಕಿತ್ತು. ಮನೆ ಖರ್ಚಿಗೆ ಇಷ್ಟು ಅಂತ ಇಟ್ಟುಕೊಳ್ಳಬಹುದು, ಉಳಿದದ್ದೆಲ್ಲ ಲಾರಿ ಹತ್ತಿ ಹೋಗ್ತಿತ್ತು. ಪಕ್ಕದ ತೋಟದಿಂದ ನಾಲ್ಕು ಮೂಟೆ ಕೊಂಡು ಹುರಿದು ಪುಡಿ ಮಾಡಿ ಕಾಫಿ ಮಾರ್ತೇನೆ ಅಂತ ನಮ್ಮೂರ ಹೋಟೆಲಿನವ ಹೊರಟರೆ ಅದು ಕಳ್ಳಮಾಲು! ಈ ಬಿಗಿ 1990ರ ದಶಕದಲ್ಲಿ ಒಂದೊಂದಾಗಿ ಸಡಿಲಾಗಿ 1996ರಲ್ಲಿ ಪೂರಾ ಬಿಡುಗಡೆ ಆಯ್ತು. ಅದೇ 1996ರಲ್ಲಿ ನಮ್ಮ ಜಿಲ್ಲೆಯವರೇ ಆದ ವಿ.ಜಿ. ಸಿದ್ಧಾರ್ಥ ಬೆಂಗಳೂರಿನ ಬ್ರಿಗೇಡ್ ರೋಡಿನಲ್ಲಿ ಮೊದಲ ಕಾಫಿ ಡೇ ತೆರೆದರು. 2019ರ ಜುಲೈನಲ್ಲಿ ಅವರು ಹೋದರು. ಆ ಸುದ್ದಿ ಬಂದ ದಿನ ಇಲ್ಲಿಯ ಹೋಟೆಲುಗಳಲ್ಲಿ ಬೇರೆ ಮಾತೇ ಇರಲಿಲ್ಲ.

ಅಷ್ಟು ಹೊತ್ತಿಗೆ ಐವತ್ತು ವರ್ಷ ಚಿಕೋರಿ ಕುಡಿದ ನಾಲಿಗೆ ನಮ್ಮದು. ಮಿಶ್ರಣದ ಪುಡಿಯಲ್ಲಿ ನೂರಕ್ಕೆ 51 ಪಾಲು ಕಾಫಿ ಇರಬೇಕು ಅನ್ನೋದು ನಿಯಮ. ಅಂದರೆ ಉಳಿದ 49 ಪಾಲು ಹುರಿದ ಬೇರನ್ನೇ ಹಾಕಿದರೂ ಅವ ಸಾಚಾ ಮನುಷ್ಯ! ಹೋಟೆಲಿನವನಿಗೂ ಅದೇ ಲಾಭ. ಚಿಕೋರಿ ಹಾಕಿದರೆ ಡಿಕಾಕ್ಷನ್ ದಪ್ಪ ಬರುತ್ತೆ, ಬಣ್ಣ ಬರುತ್ತೆ, ಹಾಲು ತೆಳ್ಳಗಿದ್ದರೂ ಗೊತ್ತಾಗೋದಿಲ್ಲ. ಇನ್ನು ನಮ್ಮ ಕೊಪ್ಪ-ಶೃಂಗೇರಿ ಕಡೆ ಅಡಿಕೆಯೇ ಮಹಾರಾಜ. ಕಾಫಿ ಇದ್ದರೂ ಹೆಚ್ಚಿನದು ರೋಬಸ್ಟಾ. ಕಹಿ ಜಾಸ್ತಿ, ಘಮ ಕಡಿಮೆ. ಆ ಕಹಿಗೆ ಸರಿಯಾದ ಜೋಡಿ ಬೆಲ್ಲ. ನಿಜವಾದ ಮಲೆನಾಡು ಕಾಫಿ ಬೇಕೇ? ಹೋಟೆಲು ಬಿಡಿ. ಮಳೆಗಾಲದಲ್ಲಿ ಯಾರದಾದರೂ ತೋಟದ ಮನೆಗೆ ಹೋಗಿ ಜಗಲಿಯಲ್ಲಿ ಕೂತ್ಕೊಳ್ಳಿ. ಬೆಲ್ಲದ ಕಾಫಿ, ಜೊತೆಗೆ ಸುಟ್ಟ ಹಲಸಿನ ಹಪ್ಪಳ... ಅಲ್ಲಿಗೆ ಮುಗೀತು, ಇಂಟರ್‌ವಲ್ಲೂ ಬೇಡ, ಕ್ಲೈಮ್ಯಾಕ್ಸೂ ಬೇಡ!

ಬೈಟೂ ಧರ್ಮ

ಹಾಗಾದರೆ ಹೋಟೆಲಿಗೆ ಯಾಕೆ ಹೋಗಬೇಕು? ಎಂತ ಪ್ರಶ್ನೆ ಮಾರಾಯ್ರೆ! ಕಾಫಿ ಕುಡಿಯೋಕೆ ಮಾತ್ರ ಯಾರಾದ್ರೂ ಹೋಟೆಲಿಗೆ ಹೋಗ್ತಾರಾ?

ನಾನು ಹೋಟೆಲಿಗೆ ಮಾರ್ಕು ಹಾಕೋ ರೀತಿಯೇ ಬೇರೆ. ದೋಸೆ ಗರಿಗರಿಯಾ, ಸಾಂಬಾರ್ ರುಚಿಯಾ ಅದೆಲ್ಲ ಆಮೇಲೆ. ಇಬ್ಬರು ಪಡ್ಡೆ ಹುಡುಗರು ಬಂದು ಒಂದು ಬೈಟೂ ಹೇಳಿ ಮುಕ್ಕಾಲು ಗಂಟೆ ಬೆಂಚು ಹಿಡಿದು ಕೂತರೆ ಗಲ್ಲಾದಲ್ಲಿರುವ ಮನುಷ್ಯನ ಮುಖ ಹೇಗಾಗುತ್ತೆ? ಅದನ್ನ ನೋಡ್ತೇನೆ. "ಮತ್ತೆಂತ ಬೇಕು?" ಅಂತ ಮಾಣಿಯನ್ನು ಮೂರು ಸಲ ಕಳಿಸಿದರೆ ಆ ಹೋಟೆಲು ಫೇಲು. ಮಾತಿಲ್ಲದೆ ಇನ್ನೆರಡು ಲೋಟ ಬಿಸಿನೀರು ತಂದಿಟ್ಟರೆ ಫಸ್ಟ್ ಕ್ಲಾಸು. ಇದು ನನ್ನ ಸ್ವಂತ ಸೆನ್ಸಾರ್ ಬೋರ್ಡು, ಅಪೀಲು ಇಲ್ಲ.

ಕೊಪ್ಪದಲ್ಲಿ ಇವತ್ತಿಗೂ ಪಾಸಾಗುವ ಹೋಟೆಲುಗಳು ಎರಡೋ ಮೂರೋ ಇವೆ, ಬಸ್ ಸ್ಟ್ಯಾಂಡಿನ ಸುತ್ತಮುತ್ತ. ಹೆಸರು ಹೇಳಿದರೆ ಉಳಿದವರು ನಾಳೆಯಿಂದ ನನಗೆ ನೀರೂ ಕೊಡೋದಿಲ್ಲ! ಬೆಳಗ್ಗೆ ಏಳರೊಳಗೆ ಹೋದರೆ ಬಿಸಿ ಬಿಸಿ ಬನ್ಸು, ಕಡುಬು, ತೆಂಗಿನಕಾಯಿ ಚಟ್ನಿ. ಸಂಜೆ ನಾಲ್ಕಕ್ಕೆ ಗೋಳಿಬಜೆ. ಗೋಳಿಬಜೆ ಬಗ್ಗೆ ಒಂದು ಮಾತು: ಬಾಣಲೆಯಿಂದ ತೆಗೆದ ಐದು ನಿಮಿಷದೊಳಗೆ ತಿನ್ನದಿದ್ದರೆ ತಿನ್ನಲೇಬೇಡಿ. ಗಾಜಿನ ಪೆಟ್ಟಿಗೆಯಲ್ಲಿ ಕೂತ ಗೋಳಿಬಜೆ ಮಾರ್ಕೆಟ್ ಹೋದ ಹೀರೋ ಇದ್ದ ಹಾಗೆ, ಮೇಲೆ ಹೊಳಪು, ಒಳಗೆ ರಬ್ಬರು.

ನಮ್ಮೂರ ಹೋಟೆಲುಗಳನ್ನು ಸಾಕಿದ್ದು ಬಸ್ಸು. 1991ರಲ್ಲಿ ಇಲ್ಲಿ ಒಂದು ಖಾಸಗಿ ಬಸ್ ಕಂಪನಿ ಬಾಗಿಲು ಹಾಕಿದಾಗ ಅದರ ಕಾರ್ಮಿಕರೇ ಸೇರಿ ಸಹಕಾರ ಸಾರಿಗೆ ಕಟ್ಟಿದರು. ಡ್ರೈವರೇ ಮಾಲೀಕ, ಕಂಡಕ್ಟರೇ ಮಾಲೀಕ! ಘಟ್ಟದ ಯಾವ ಮೂಲೆಯ ಹಳ್ಳಿಗೆ ಬೇಕಾದರೂ ಹೋಗ್ತಿತ್ತು ಆ ಬಸ್ಸು. ಸಂಜೆ ಕೊನೇ ಟ್ರಿಪ್ಪು ಬಂದು ನಿಂತರೆ ಸಿಬ್ಬಂದಿಯೆಲ್ಲ ಸೀದಾ ಹೋಟೆಲಿಗೆ, ಅವರ ಬಾಯಲ್ಲಿ ನಾಲ್ಕು ತಾಲ್ಲೂಕಿನ ಸುದ್ದಿ. ಯಾವ ಊರಲ್ಲಿ ಯಾವ ಸಿನಿಮಾ ಎಷ್ಟನೇ ದಿನ, ಯಾವ ಹಳ್ಳಿಯಲ್ಲಿ ಯಕ್ಷಗಾನ, ಯಾರ ಮನೆ ಮದುವೆ ಮುರೀತು... ಪೇಪರೇ ಬೇಡ. 2020ರ ಫೆಬ್ರುವರಿಯಲ್ಲಿ ನಷ್ಟ ತಾಳಲಾರದೆ ಆ ಬಸ್ಸುಗಳು ನಿಂತವು. ಈಗ ಸರಕಾರಿ ಬಸ್ಸಿದೆ, ಬೇರೆ ಖಾಸಗಿ ಬಸ್ಸಿದೆ. ಆದರೆ ಸಂಜೆ ಆರೂವರೆಗೆ ಹೋಟೆಲು ತುಂಬಿ ತುಳುಕುತ್ತಿದ್ದ ಆ ಗದ್ದಲ ಮತ್ತೆ ಬರಲಿಲ್ಲ. ಎಂಟಕ್ಕೆಲ್ಲ ಶಟರ್ ಎಳೀತಾರೆ.

ಭಟ್ರ ಹೋಟೆಲು

ಈಗ ಆ ಕಥೆಗೆ ಬರ್ತೇನೆ.

ನನ್ನ ಹುಡುಗುತನದಲ್ಲಿ ಕೊಪ್ಪದಲ್ಲಿ ಕರಾವಳಿಯಿಂದ ಬಂದ ಒಬ್ಬ ಭಟ್ರು ಹೋಟೆಲು ಇಟ್ಟಿದ್ದರು. ನಾಲ್ಕು ಬೆಂಚು, ಒಂದು ಗಲ್ಲಾ, ಗಲ್ಲಾದ ಮೇಲೆ ರೇಡಿಯೋ. ಭದ್ರಾವತಿ ಆಕಾಶವಾಣಿಯಲ್ಲಿ ಚಿತ್ರಗೀತೆ ಶುರುವಾದರೆ ಭಟ್ರು ಬಿಲ್ಲು ಹೇಳುವುದನ್ನೂ ನಿಲ್ಲಿಸ್ತಿದ್ದರು. ಗೋಡೆಯ ಮೇಲೆ ಉಡುಪಿ ಕೃಷ್ಣ, ಶೃಂಗೇರಿ ಶಾರದಾಂಬೆ, ಮಧ್ಯದಲ್ಲಿ ಅಣ್ಣಾವ್ರು. ಮೂವರಿಗೂ ಒಂದೇ ಊದುಬತ್ತಿ!

ಆಗ ನಮಗೆ ಸಿನಿಮಾ ಅಂದ್ರೆ ಟೆಂಟು. ದೀಪಾವಳಿ ಕಳೆದ ಮೇಲೆ ಬರುವುದು, ಮಳೆ ಹನಿ ಬಿತ್ತೋ ಕಿತ್ತುಕೊಂಡು ಹೋಗುವುದು. ಸಿದ್ದಲಿಂಗಯ್ಯನವರ 'ಭೂತಯ್ಯನ ಮಗ ಅಯ್ಯು' 1974ರ ಚಿತ್ರ, ನಮ್ಮ ಜಿಲ್ಲೆಯ ಕಳಸಾಪುರದಲ್ಲೇ ತೆಗೆದದ್ದು. ಆದರೂ ನಮ್ಮ ಟೆಂಟಿಗೆ ಬರೋಕೆ ಎಷ್ಟೋ ವರ್ಷ ಹಿಡೀತು. ಲೋಕನಾಥ್ ಉಪ್ಪಿನಕಾಯಿ ಚಪ್ಪರಿಸುವ ಸೀನು ನೆನಪಿದೆಯಲ್ಲ? ಟೆಂಟಿನ ತುಂಬಾ ಚಪ್ಪರಿಸುವ ಸದ್ದು! ಆಟ ಬಿಟ್ಟ ಮೇಲೆ ಜನ ಸೀದಾ ಭಟ್ರ ಹೋಟೆಲಿಗೆ ನುಗ್ಗಿ "ಮೊಸರನ್ನ, ಉಪ್ಪಿನಕಾಯಿ" ಅಂದರು. ವರ್ಷಕ್ಕೆಂದು ಹಾಕಿಟ್ಟ ಅಪ್ಪೆಮಿಡಿ ಭರಣಿ ಒಂದೇ ವಾರದಲ್ಲಿ ಖಾಲಿ. "ಇನ್ನೊಂದು ಸಲ ಈ ಪಿಚ್ಚರ್ ತಂದ್ರೆ ಟೆಂಟಿಗೇ ಬೆಂಕಿ ಇಡ್ತೆ" ಅಂತ ಭಟ್ರು ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ. ಆ ಪುಣ್ಯಾತ್ಮ ಲೋಕನಾಥ್ 2018ರ ಕೊನೇ ದಿನ ತೀರಿಕೊಂಡರು, 'ಉಪ್ಪಿನಕಾಯಿ' ಅನ್ನೋ ಬಿರುದು ಕೊನೇವರೆಗೂ ಬಿಡಲಿಲ್ಲ.

1985-86ರ ಹೊತ್ತು. ಆಗುಂಬೆಯಲ್ಲಿ ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ತೆಗೀತಿದ್ದಾರೆ ಅಂತ ಸುದ್ದಿ ಬಂತು. ನನಗೆ ವಯಸ್ಸು ಹದಿನೇಳು, ಜೇಬಿನಲ್ಲಿ ಬಿಡಿಗಾಸಿಲ್ಲ. ಭಟ್ರ ಪುಸ್ತಕದಲ್ಲಿ ಆಗಲೇ ಕಾಫಿ ಬಾಕಿ 6 ರೂಪಾಯಿ 75 ಪೈಸೆ. ಆದರೂ ಹೋಗಿ ಗಲ್ಲಾದ ಎದುರು ನಿಂತೆ. ಭಟ್ರು ಮುಖ ನೋಡಿದರು. "ಎಷ್ಟು ಬೇಕು?" ಅಂದರು. 20 ರೂಪಾಯಿ ನೋಟು ತೆಗೆದು ಕೊಟ್ಟರು, ಪುಸ್ತಕದಲ್ಲಿ ಬರೆದರು. ಕಾರಣದ ಜಾಗದಲ್ಲಿ 'ಶಂಕರ್‌ನಾಗ್' ಅಂತ!

ಶೃಂಗೇರಿಗೆ ಹೋಗಿ ಬಸ್ ಬದಲಾಯಿಸಿ ಆಗುಂಬೆಗೆ ಹೋದೆ. ಹೋದೆ ಏನು ಬಂತು! ಆಗುಂಬೆ ಮಳೆ ನಿಮಗೆ ಗೊತ್ತಲ್ಲ? ಎದುರಿಗೆ ನಿಂತ ಎಮ್ಮೆ ಕಾಣ್ತಿರಲಿಲ್ಲ. ಶೂಟಿಂಗ್ ಇಲ್ಲ, ಕ್ಯಾಮೆರಾ ಇಲ್ಲ, ಕೇಳೋಣ ಅಂದ್ರೆ ಬೀದಿಯಲ್ಲಿ ನರಪಿಳ್ಳೆ ಇಲ್ಲ. ಒಂದು ಅಂಗಡಿ ಸೂರಿನಡಿ ನಾಲ್ಕು ಗಂಟೆ ನಿಂತು, ಚಳಿಗೆ ನಡುಗಿ, ವಾಪಸ್ ಬಂದೆ.

ಮರುದಿನ ಭಟ್ರು ಕೇಳಿದರು, "ಕಂಡ್ಯಾ?"

ಇಲ್ಲ ಅನ್ನೋಕೆ ನಾಲಿಗೆ ಬರಲಿಲ್ಲ. ಇಪ್ಪತ್ತು ರೂಪಾಯಿ! "ಕಂಡೆ ಭಟ್ರೇ" ಅಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಸರಿಹೋಗ್ತಿತ್ತು. "ಕರೆದು ಕೂರಿಸಿ ಕಾಫಿ ಕೊಡಿಸಿದ್ರು" ಅಂದುಬಿಟ್ಟೆ. ಆಮೇಲೆ ಕೇಳಬೇಕೆ? ಬಂದ ಬಂದ ಗಿರಾಕಿಗೆಲ್ಲ ಭಟ್ರು ನನ್ನನ್ನು ತೋರಿಸೋದು: "ಇವ್ನೇ, ಶಂಕರ್‌ನಾಗ್ ಜೊತೆ ಕಾಫಿ ಕುಡಿದ ಮಾಣಿ!" ಜನ ಸುತ್ತ ಕೂತು ಕೇಳೋದು, ನಾನು ಕಥೆ ಬೆಳೆಸೋದು. ಹದಿನೈದು ದಿನಕ್ಕೆ ನನ್ನ ಹೊಟ್ಟೆಯಲ್ಲಿ ಸಂಕಟ ಶುರುವಾಯ್ತು. ಹೋಟೆಲಿಗೆ ಹೋಗೋದು ಬಿಟ್ಟೆ. ಮುಂದಿನ ವರ್ಷ ಕಟ್ಟಡದ ಯಜಮಾನರು ಜಾಗ ಕೇಳಿದರು ಅಂತ ಭಟ್ರು ಎನ್.ಆರ್. ಪುರಕ್ಕೆ ಹೋದರು. ಬಾಕಿ ಪುಸ್ತಕವೂ ಜೊತೆಗೆ ಹೋಯ್ತು.

ಶೃಂಗೇರಿ: ಬಿಲ್ಲಿಲ್ಲದ ಊಟ

ಮೊನ್ನೆ ಈ ಲೇಖನಕ್ಕೆಂದು ಹೊರಟಾಗ ಮೊದಲು ಹರಿಹರಪುರದ ಮೇಲೆ ಶೃಂಗೇರಿಗೇ ಹೋದೆ. ಧೈರ್ಯ ಸಾಲದೆ ಸುತ್ತು ಹಾಕಿದೆ ಅಂತಲೂ ಹೇಳಬಹುದು.

ಶೃಂಗೇರಿಯ ಹೋಟೆಲುಗಳ ಕಷ್ಟ ನಿಮಗೆ ಹೇಳ್ತೇನೆ. ಮಧ್ಯಾಹ್ನದ ಊಟಕ್ಕೆ ಅವರ ಕಾಂಪಿಟೇಶನ್ ಸಾಕ್ಷಾತ್ ಶಾರದಾಂಬೆಯ ಜೊತೆ! ಮಠದ ಭೋಜನಶಾಲೆಯಲ್ಲಿ ಯಾರು ಬಂದು ಕೂತರೂ ಅನ್ನ, ಸಾರು, ಪಾಯಸ. ಬಿಲ್ಲಿಲ್ಲ. ಆ ಸಾರಿನ ಮುಂದೆ ಯಾವ ಹೋಟೆಲಿನ ಸ್ಪೆಷಲ್ ಮೀಲ್ಸೂ ನಿಲ್ಲೋದಿಲ್ಲ, ಇದು ನನ್ನ ಖಡಾಖಂಡಿತ ಅಭಿಪ್ರಾಯ. ಆದ್ದರಿಂದ ಹೋಟೆಲಿನವರು ಬದುಕೋದು ಬೆಳಗಿನ ತಿಂಡಿ, ಸಂಜೆ ಕಾಫಿ ಮೇಲೆ. ಹೊರಗಿನ ಭಕ್ತರು ಬಸ್ಸುಗಟ್ಟಲೆ ಬರ್ತಾರೆ. ಅವರಿಗಾಗಿ ಬೋರ್ಡಿನಲ್ಲಿ ನಾಲ್ಕು ಭಾಷೆ, ಅಡುಗೆಯಲ್ಲಿ ಗೋಬಿ ಮಂಚೂರಿ. ತುಂಗೆಯ ದಡದಲ್ಲಿ ಕೂತು ಗೋಬಿ ಮಂಚೂರಿ ತಿನ್ನುವವರನ್ನು ಆ ದೇವರ ಮೀನುಗಳು ಏನಂದುಕೊಳ್ಳುತ್ತವೋ! ಮೀನಿಗೆ ಹಾಕುವ ಮಂಡಕ್ಕಿಯೇ ಎಷ್ಟೋ ವಾಸಿ.

ನಾನು ಹೋದದ್ದು ಟೋಕನ್ ತೆಗೆದುಕೊಂಡು ನಿಂತು ತಿನ್ನುವ ಜಾಗ. ನನ್ನ ಬೈಟೂ ಧರ್ಮಕ್ಕೆ ಅಲ್ಲಿ ಬೆಂಚೇ ಇಲ್ಲ. ಪೇಪರ್ ಕಪ್ಪಿನ ಕಾಫಿಗೆ ಪೇಪರಿನದೇ ರುಚಿ. ಆದರೆ ನೀರುದೋಸೆ ಬಾಯಿಗಿಟ್ಟೆ ನೋಡಿ... ಬೆಣ್ಣೆ! ಒಳಗೆ ಇಣುಕಿದರೆ ಕಾವಲಿ ಮುಂದೆ ಒಡಿಶಾದ ಹುಡುಗ. ಬಂದು ಎರಡು ವರ್ಷ ಆಯ್ತಂತೆ. 'ಕಾಂತಾರ' ಮೊದಲು ಹಿಂದಿಯಲ್ಲಿ ನೋಡಿದ್ದನಂತೆ, ಈಗ ಮೊಬೈಲಿನಲ್ಲಿ ಕನ್ನಡದಲ್ಲೇ ನೋಡ್ತಾನಂತೆ. "ಇಲ್ಲಿ ಹುಡುಗರು ಎಲ್ಲಿ ಅಣ್ಣ?" ಅಂತ ನನ್ನನ್ನೇ ಕೇಳಿದ. ಎಲ್ಲಿ ಅಂತ ಹೇಳಲಿ? ಬೆಂಗಳೂರಿನಲ್ಲಿ 'ಮಲೆನಾಡು ಸ್ಟೈಲ್' ಬೋರ್ಡಿನ ಕೆಳಗೆ ಕೆಲಸ ಮಾಡ್ತಿದ್ದಾರೆ!

ಈ ಸೀಮೆಗೆ ಬಂದ ಸಿನಿಮಾ ಹುಚ್ಚರು ಒಂದು ಊರನ್ನು ಮರೆಯಬಾರದು: ವೈಕುಂಠಪುರ. ಪಟ್ಟಾಭಿರಾಮ ರೆಡ್ಡಿಯವರ 'ಸಂಸ್ಕಾರ' ಬಹುಮಟ್ಟಿಗೆ ತೆಗೆದದ್ದು ಅಲ್ಲಿ. ಗಿರೀಶ್ ಕಾರ್ನಾಡ್ ಪ್ರಾಣೇಶಾಚಾರ್ಯ, ಲಂಕೇಶ್ ನಾರಣಪ್ಪ, ಸ್ನೇಹಲತಾ ರೆಡ್ಡಿ ಚಂದ್ರಿ. ಸೆನ್ಸಾರ್‌ನವರು ಮೊದಲು ನಿಷೇಧ ಹಾಕಿದರು, ಆಮೇಲೆ ಅದೇ ಚಿತ್ರಕ್ಕೆ 1970ರ ರಾಷ್ಟ್ರಪತಿ ಸ್ವರ್ಣಪದಕ! ಕನ್ನಡಕ್ಕೆ ಅದು ಮೊದಲು. ಹೆಣ ಎತ್ತುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವ ಹಾಗಿಲ್ಲ, ಅದೇ ಆ ಕಥೆಯ ಬಿಗಿ. ಹುಡುಗನಾಗಿದ್ದಾಗ ಫೈಟಿಂಗ್ ಇಲ್ಲ, ಹಾಡಿಲ್ಲ ಅಂತ ನಾನು ಆಕಳಿಸಿದ್ದೆ. ನಲವತ್ತು ದಾಟಿದ ಮೇಲೆ ಮತ್ತೆ ನೋಡಿದಾಗ ನನಗೇ ಹೊಟ್ಟೆ ಹಸೀತು. ಹಸಿವನ್ನು ತೋರಿಸಿದ ಸಿನಿಮಾ, ಅನ್ನ ಹಾಕುವ ಊರಿನ ಸೀಮೆಯಲ್ಲೇ ತಯಾರಾಯ್ತು ನೋಡಿ.

ಎನ್.ಆರ್. ಪುರ

ಕೊಪ್ಪಕ್ಕೆ ವಾಪಸ್ ಬಂದು ಎನ್.ಆರ್. ಪುರದ ಬಸ್ಸು ಹತ್ತಿದೆ. ಸುಮಾರು 20 ಕಿಲೋಮೀಟರು, ನನಗೆ ಇನ್ನೂರರಷ್ಟು ದೂರ ಅನ್ನಿಸಿತು.

ಹಳೇ ಹೆಸರು ಎಡೇಹಳ್ಳಿ. ಇದು ಕೊಪ್ಪದ ಹಾಗಲ್ಲ, ಶೃಂಗೇರಿಯ ಹಾಗಂತೂ ಅಲ್ಲವೇ ಅಲ್ಲ. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರು ಈ ಕಡೆ ಹರಡಿ ಎಷ್ಟೋ ಹಳ್ಳಿ, ಗದ್ದೆ ಮುಳುಗಿದವು. ಜನ ಎದ್ದು ಹೋದರು. ಆಮೇಲೆ ಕೇರಳದಿಂದ ಬಂದವರು ಕಾಡಂಚಿನಲ್ಲಿ ರಬ್ಬರು ಹಾಕಿದರು. ಇದೆಲ್ಲ ಇಲ್ಲಿಯ ಹೋಟೆಲಿನ ತಟ್ಟೆಯಲ್ಲಿ ಕಾಣುತ್ತೆ. ಒಂದು ಬೀದಿಯಲ್ಲಿ ಪುಟ್ಟು-ಕಡಲೆ, ಮರಗೆಣಸು, ಮೀನು ಸಾರು, ಪರೋಟ. ಎದುರಿಗೇ ಅಕ್ಕಿ ರೊಟ್ಟಿ, ಕೋಳಿ ಸಾರು. ಮೂರೂ ಊರಿನಲ್ಲಿ ಹೊಟ್ಟೆಗೆ ಹಬ್ಬ ಬೇಕಾದರೆ ನನ್ನ ಓಟು ಎನ್.ಆರ್. ಪುರಕ್ಕೇ. ಯಾರೂ ಇದನ್ನ ಹೊಗಳೋದಿಲ್ಲ, ಟೂರಿಸ್ಟರು ನಿಲ್ಲೋದಿಲ್ಲ, ಅದಕ್ಕೇ ರುಚಿ ಕೆಟ್ಟಿಲ್ಲ.

ಭಟ್ರ ಹೋಟೆಲು ಹುಡುಕೋದು ಕಷ್ಟವಾಗಲಿಲ್ಲ. ತಪ್ಪಿಸಿಕೊಂಡು ಓಡಾಡಿದವನಿಗೆ ಜಾಗ ಚೆನ್ನಾಗಿಯೇ ಗೊತ್ತಿರುತ್ತೆ. ಗಲ್ಲಾದಲ್ಲಿ ಮಗ. ಬಾಗಿಲ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಭಟ್ರು. ಎಂಬತ್ತು ದಾಟಿದೆ, ಕಿವಿ ಮಂದ, ಕಣ್ಣು ಮಾತ್ರ ಹಳೇ ಕಣ್ಣೇ. ಗೋಡೆಯ ಮೇಲೆ ಕೃಷ್ಣ, ಶಾರದಾಂಬೆ, ಅಣ್ಣಾವ್ರು. ಪಕ್ಕಕ್ಕೆ ಈಗ ಅಪ್ಪು ಕೂಡ.

ಕಾಫಿ ಹೇಳಿದೆ. ಬಂತು. ಚಿಕೋರಿ! ಮಾತಾಡದೆ ಕುಡಿದೆ.

"ಭಟ್ರೇ, ಕೊಪ್ಪದವನು ನಾನು. ಮಾಸ್ತರ ಮಗ" ಅಂದೆ.

ಒಂದು ನಿಮಿಷ ನೋಡಿದರು. ಆಮೇಲೆ ಮಗನ ಕಡೆ ತಿರುಗಿ, ಹೋಟೆಲಿನಲ್ಲಿದ್ದ ಅಷ್ಟೂ ಜನಕ್ಕೆ ಕೇಳುವ ಹಾಗೆ, "ಇವ್ನೇ ಮಾರಾಯ! ಶಂಕರ್‌ನಾಗ್ ಜೊತೆ ಕಾಫಿ ಕುಡಿದ ಮಾಣಿ!" ಅಂದರು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪರೋಟ ತಿನ್ನುತ್ತಿದ್ದ ಇಬ್ಬರು ಹುಡುಗರು ಕೈ ತೊಳೆಯದೆ ಎದ್ದು ಬಂದರು. 1990ರಲ್ಲಿ ಹೋದ ಶಂಕರ್‌ನಾಗ್ ಸತ್ತಾಗ ಈ ಹುಡುಗರ ಅಪ್ಪಂದಿರಿಗೇ ಮೀಸೆ ಬಂದಿತ್ತೋ ಇಲ್ಲವೋ. ಆದರೂ ಕಣ್ಣು ಅರಳಿಸಿ, "ಹೌದಾ ಸರ್? ಹೇಗಿದ್ರು ಸರ್?" ಅಂತ ಕೇಳಿದರು.

ಹೇಳೋಕೆ ಬಾಯಿ ತೆರೆದೆ. ಕಥೆ ನಾಲಿಗೆ ತುದಿಯಲ್ಲೇ ಇತ್ತು, ಹಳೇ ಡೈಲಾಗು ಒಂದೂ ಮರೆತಿರಲಿಲ್ಲ. ಆಗಲಿಲ್ಲ.

"ಇಲ್ಲಪ್ಪ. ನಾನು ನೋಡೇ ಇಲ್ಲ. ಮಳೆ ಇತ್ತು, ವಾಪಸ್ ಬಂದೆ. ಭಟ್ರಿಗೆ ಸುಳ್ಳು ಹೇಳಿದ್ದೆ" ಅಂದೆ. ಭಟ್ರ ಕಿವಿಯ ಹತ್ತಿರ ಬಗ್ಗಿ ಇನ್ನೊಂದು ಸಲ ಜೋರಾಗಿ ಹೇಳಿದೆ.

ಭಟ್ರು ನಕ್ಕರು. "ಗೊತ್ತಿತ್ತು ಮಾಣಿ. ಆವತ್ತು ನಿನ್ನನ್ನ ಆಗುಂಬೆಯಲ್ಲಿ ಇಳಿಸಿದ ಬಸ್ಸಿನ ಕಂಡಕ್ಟರ್ ರಾತ್ರಿ ನಮ್ಮಲ್ಲೇ ಉಂಡದ್ದು. 'ನಿಮ್ಮ ಹುಡುಗ ಸೂರಿನಡಿ ನಡುಗ್ತಾ ನಿಂತಿದ್ದ, ಶೂಟಿಂಗೂ ಇಲ್ಲ ಎಂತದೂ ಇಲ್ಲ' ಅಂದ."

"ಮತ್ತೆ ಎಲ್ಲರಿಗೂ ಹೇಳ್ತಾ ಇದ್ರಲ್ಲ!"

"ನಿನ್ನ ಕಥೆ ಕೇಳೋಕೆ ಬಂದವರು ಕಾಫಿ ಕುಡೀತಿದ್ರು. ನೀ ಬರೋದು ನಿಲ್ಲಿಸಿದ್ದೇ ನಂಗೆ ಲುಕ್ಸಾನು."

ಜೇಬಿನಿಂದ ಐನೂರರ ನೋಟು ತೆಗೆದೆ. ಭಟ್ರು ಕೈಯಲ್ಲೇ ತಳ್ಳಿದರು. ಬಾಕಿ 26 ರೂಪಾಯಿ 75 ಪೈಸೆ ಅಂತ ನಾನು ಹೇಳುವ ಮೊದಲೇ ಅವರೇ ಹೇಳಿದರು! ಮಗ ಚಿಲ್ಲರೆ ಹುಡುಕಿದ. 75 ಪೈಸೆ ಈಗ ಎಲ್ಲಿ ಸಿಗಬೇಕು? 27 ರೂಪಾಯಿ ಇಟ್ಟುಕೊಂಡು, ನಾಲ್ಕಾಣೆ ಬದಲು ಒಂದು ಪೆಪ್ಪರ್‌ಮೆಂಟು ಕೈಗೆ ಹಾಕಿದರು.

ಹುಡುಗರಿಬ್ಬರೂ ಮುಖ ಸಣ್ಣದು ಮಾಡಿಕೊಂಡು ಪರೋಟಕ್ಕೆ ವಾಪಸ್ ಹೋದರು. ಅವತ್ತಿನ ಕಾಫಿ ಬಿಲ್ಲು ಬೇರೆ, 15 ರೂಪಾಯಿ. ಅದನ್ನೂ ಕೊಟ್ಟು ಐದೂವರೆ ಬಸ್ಸು ಹಿಡಿದೆ.